ಚಪ್ಪಾಳೆ ಬೀಳದೆ ಕರೆದ ದನಿ

ಆವತ್ತು ಅಡುಗೆಮನೆಯ ಬಾಗಿಲ ಹಿಂದಿನಿಂದ ಕರೆದವನು ಸತ್ತುಹೋದ ಚನ್ನೇಗೌಡನಲ್ಲ — ನಾನು.

ಇಷ್ಟು ಬರೆಯಲು ಮೂರು ವರ್ಷ ಬೇಕಾಯಿತು. ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಆರ್‌.ಟಿ. ನಗರದ ಮೊಬೈಲ್ ಅಂಗಡಿಯಲ್ಲಿ ಕೆಲಸ, ಸಂಜೆ ಹೊತ್ತು ಮದುವೆ ಮನೆ, ಗಣೇಶನ ಪೆಂಡಾಲುಗಳಲ್ಲಿ ಮಿಮಿಕ್ರಿ. ಅಂಗಡಿ ಮಾಲೀಕರ ಕೆಮ್ಮು, ಬಸ್ ಕಂಡಕ್ಟರ್‌ನ ಸಿಡುಕು, ನಮ್ಮಮ್ಮ ಫೋನಿನಲ್ಲಿ ಮಾತ್ರ ಆಡುವ ನಯವಾದ ಕನ್ನಡ — ಯಾರನ್ನೂ ಬಿಟ್ಟವನಲ್ಲ. ಯಾರೂ ಸಿಗದಿದ್ದರೆ ನನ್ನನ್ನೇ ಆಡಿಕೊಳ್ಳುತ್ತೇನೆ. ಹೆಸರು ವಿನಯ. ಅಪ್ಪ ಅಮ್ಮ ಆಸೆಪಟ್ಟು ಇಟ್ಟದ್ದು, ಅವರದೇನೂ ತಪ್ಪಿಲ್ಲ.

ಸಂಜಯನಗರದ ಒಂದು ಮನೆಯ ಮಹಡಿಯಲ್ಲಿ ನಸೀಮಾ ಅಕ್ಕ ಭಾನುವಾರದ ನಾಟಕ ಕಲಿಸುತ್ತಿದ್ದರು. ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಸಿಟ್ಟು ಬಂದರೆ ದಖ್ಖನಿ ಉರ್ದು, ಪ್ರೀತಿ ಬಂದರೆ ಕನ್ನಡ. ಅಲ್ಲಿಗೆ ಒಂದು ದಿನ ಮುನಿರಾಜಪ್ಪನವರು ಬಂದರು. ನಗರದಂಚಿನ ಸಿಂಗಾಪುರ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯೇ ಇರುವ ಮನೆತನ, ಮನೆಯ ಕೆಳಗೆ ಹಿಟ್ಟಿನ ಗಿರಣಿ. ಅದಕ್ಕೂ ಮೊದಲು ಸೈನ್ಯದಲ್ಲಿ ಹವಾಲ್ದಾರ್, ಹಿಮದ ಗುಡ್ಡದ ಮೇಲೆ ನಡೆದ ಯುದ್ಧದಲ್ಲಿ ವೈರ್‌ಲೆಸ್ ನೋಡಿಕೊಂಡವರು. ಇಪ್ಪತ್ತು ಚಿಲ್ಲರೆ ವರ್ಷದಿಂದ ನಿದ್ದೆಯಿಲ್ಲ, ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿಕೊಳ್ಳುತ್ತಾರೆ ಎಂದು ಅವರ ಹೆಂಡತಿ ರತ್ನಮ್ಮ ಹೇಳಿದ್ದರು. ಮಾತ್ರೆ ಕೊಡುತ್ತಿದ್ದ ಡಾಕ್ಟರೇ, ಬರೆಯಿರಿ, ನಾಲ್ಕು ಜನರ ಜೊತೆ ಸೇರಿ ಎಂದು ಕಳಿಸಿದ್ದು.

ಮೊದಲ ವಾರ ಅವರು ಬರೆದುಕೊಂಡು ಬಂದದ್ದು ಒಂದೇ ಸಾಲು. ‘ಚಳಿ ಇತ್ತು.’ ನಾನು ಅದನ್ನು ವಾರ್ತೆ ಓದುವವರ ದನಿಯಲ್ಲಿ ಓದಿ ಎಲ್ಲರನ್ನೂ ನಗಿಸಿದೆ. ಅವರೂ ನಕ್ಕರು. “ನಿನ್ ಬಾಯ್ಗೆ ಒಂದ್ ಬೀಗ ಆಕ್ಬೇಕು ಕಣ್ಲಾ ಮಿಮಿಕ್ರಿ,” ಅಂದರು. ಅಂದಿನಿಂದ ನನ್ನ ಹೆಸರು ಅದೇ ಆಯಿತು.

ಮುಂದಿನ ವಾರ ಅರ್ಧ ಪುಟ. ಆಮೇಲೆ ಒಂದು ಉದ್ದ ನೋಟ್‌ಬುಕ್ಕೇ ತುಂಬಿತು. ಚನ್ನೇಗೌಡ ಅದರಲ್ಲಿದ್ದ. ಮಳವಳ್ಳಿ ಕಡೆಯವನು, ಇವರ ಜೀವದ ಗೆಳೆಯ. ಎದುರು ಗುಡ್ಡದಲ್ಲಿ ಗಾಯಗೊಂಡು ಒಬ್ಬನೇ ಉಳಿದಾಗ ಅವನು ವೈರ್‌ಲೆಸ್‌ನಲ್ಲಿ ಇವರನ್ನು ಕನ್ನಡದಲ್ಲಿ ಕರೆದನಂತೆ. ಇವರಿಗೆ ಮೇಲಿನಿಂದ ಆದೇಶವಿತ್ತು — ಕೇಳಿಸಿಕೊಳ್ಳಬಹುದು, ಉತ್ತರಿಸಕೂಡದು; ಉತ್ತರಿಸಿದರೆ ಠಾಣೆ ಎಲ್ಲಿದೆಯೆಂದು ಶತ್ರುವಿಗೆ ತಿಳಿದುಹೋಗುತ್ತದೆ. ಅವನು ಕರೆಯುತ್ತಲೇ ಇದ್ದ. ಇವರು ಕೇಳುತ್ತಲೇ ಇದ್ದರು. ದನಿ ನಿಂತಿತು.

ನಿಲ್ಲಲಿಲ್ಲ, ಎಂದು ನೋಟ್‌ಬುಕ್ಕಿನಲ್ಲಿತ್ತು. ಮನೆಗೆ ಬಂದ ಮೇಲೂ ಕೇಳುತ್ತಿತ್ತು. ಗಿರಣಿ ಹಾಕಿಸಿಕೊಂಡದ್ದೇ ಅದಕ್ಕಂತೆ. ಕಲ್ಲು ತಿರುಗುವಾಗ ಬೇರೇನೂ ಕೇಳಿಸುವುದಿಲ್ಲವಲ್ಲ.

ನಸೀಮಾ ಅಕ್ಕ ಅದನ್ನು ಅರ್ಧ ಗಂಟೆಯ ನಾಟಕ ಮಾಡಿದರು. ಕೊನೆಯ ದೃಶ್ಯದಲ್ಲಿ ಮುನಿರಾಜಪ್ಪನವರು ಹೆಡ್‌ಫೋನ್ ಹಾಕಿಕೊಂಡು ಕೂರಬೇಕು, ಪರದೆಯ ಹಿಂದಿನಿಂದ ಚನ್ನ ಕರೆಯಬೇಕು, ಅಂದು ಕೊಡಲಾಗದ ಉತ್ತರವನ್ನು ಅವರು ಈಗ ಕೊಡಬೇಕು. ಚನ್ನನ ದನಿ ನಾನು. ಮುನಿರಾಜಪ್ಪನವರೇ ಕಲಿಸಿದರು — ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಬೀಡಿ ಸೇದಿ ಒರಟಾದ ದನಿ, ಕರೆದ ಮೇಲೆ ಮೂಗಿನಿಂದ ಬಿಡುವ ಉಸಿರು. ಎಂಟು ವಾರ ಹಿಡಿಯಿತು. ಅಷ್ಟು ಶ್ರದ್ಧೆಯಿಂದ ನಾನು ಎಸ್ಸೆಸ್ಸೆಲ್ಸಿಗೂ ಓದಿರಲಿಲ್ಲ.

ಅಕ್ಕ ಇದಕ್ಕೆ ಎರಡು ಕಟ್ಟುಪಾಡು ಹಾಕಿದ್ದರು. ಅವರು ಒಂದು ಚಪ್ಪಾಳೆ ತಟ್ಟಿದ ಮೇಲಷ್ಟೇ ಚನ್ನನ ದನಿ ಬರಬೇಕು, ಚಪ್ಪಾಳೆಯಿಲ್ಲದೆ ಚನ್ನನಿಲ್ಲ. ದೃಶ್ಯ ಮುಗಿದ ಕೂಡಲೇ ನಾನು ಪರದೆಯಿಂದ ಆಚೆ ಬಂದು, ಮುನಿರಾಜಪ್ಪನವರ ಎದುರಿಗೆ ನಿಂತು, ನನ್ನ ಸ್ವಂತ ದನಿಯಲ್ಲಿ ಹೇಳಬೇಕು: ‘ನಾನು ಸಾರ್, ವಿನಯ.’ ಅವರು ನನ್ನ ಕೆನ್ನೆ ಮುಟ್ಟಿ ನೋಡಿ ‘ಹೂಂ’ ಅನ್ನುತ್ತಿದ್ದರು. ನನಗದು ತಮಾಷೆಯಾಗಿ ಕಾಣುತ್ತಿತ್ತು — ಆಧಾರ್ ಕಾರ್ಡೂ ತೋರಿಸಲಾ ಅಕ್ಕ, ಎಂದು ಒಮ್ಮೆ ಕೇಳಿದ್ದೆ.

ಉತ್ತರ ಮಾತ್ರ ಯಾವ ತಾಲೀಮಿನಲ್ಲೂ ಬರಲಿಲ್ಲ. ನಾನು ಕರೆಯುತ್ತಿದ್ದೆ, ಅವರ ತುಟಿ ಅದುರುತ್ತಿತ್ತು, ಅಷ್ಟೇ. ಆದರೂ ಅವರು ನಿದ್ದೆ ಮಾಡತೊಡಗಿದ್ದರು. ಮಧ್ಯಾಹ್ನ ಗಿರಣಿ ನಿಲ್ಲಿಸಿ ಸುಮ್ಮನೆ ಕೂತು ಬರೆಯುತ್ತಾರೆ ಎಂದು ರತ್ನಮ್ಮ ನಸೀಮಾ ಅಕ್ಕನಿಗೆ ಫೋನ್ ಮಾಡಿ ಅತ್ತಿದ್ದರಂತೆ, ಸಂತೋಷಕ್ಕೆ.

ಪ್ರದರ್ಶನಕ್ಕೆ ಒಂದು ವಾರ ಇತ್ತು. ಆ ಭಾನುವಾರ ಬೆಳಿಗ್ಗೆ ಮುನಿರಾಜಪ್ಪನವರು ನನಗೆ, “ಕಣ್ಮುಚ್ಕೊಂಡ್ರೆ ಅವನೇ ಕಣ್ಲಾ,” ಅಂದಿದ್ದರು. ಪೆಂಡಾಲಿನಲ್ಲಿ ಸಾವಿರ ಜನ ಶಿಳ್ಳೆ ಹೊಡೆದಾಗಲೂ ನನಗೆ ಅಷ್ಟು ಜಂಬ ಬಂದಿರಲಿಲ್ಲ. ಚಹಾ ವಿರಾಮದಲ್ಲಿ ಬೇಕರಿಯಿಂದ ಬನ್ ತಂದು ಮೆಟ್ಟಿಲು ಹತ್ತಿದೆ. ಅಕ್ಕ ಕೆಳಗೆ ಗೇಟಿನ ಬಳಿ ಮನೆಯ ಮಾಲೀಕರ ಜೊತೆ ಮಾತಾಡುತ್ತಿದ್ದರು, ಉಳಿದವರು ತಾರಸಿಯಲ್ಲಿದ್ದರು. ಅಡುಗೆಮನೆಯಲ್ಲಿ ಮುನಿರಾಜಪ್ಪನವರೊಬ್ಬರೇ. ಬೆನ್ನು ಹಾಕಿ ನಿಂತು ಲೋಟ ತೊಳೆಯುತ್ತಿದ್ದರು. ಏನೋ ಗುನುಗುತ್ತಿದ್ದರು.

ಒಂದು ಸಲ ಬೆಚ್ಚಿಬೀಳಲಿ, ಆಮೇಲೆ ಬೈಯಲಿ, ಇಬ್ಬರೂ ನಗೋಣ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಬಾಗಿಲ ಹಿಂದೆ ನಿಂತೆ. ಗಂಟಲು ಸರಿಮಾಡಿಕೊಂಡೆ.

“ಮುನಿಯಾ, ಇದ್ದೀಯೇನ್ಲಾ?”

ಅವರು ಬೆಚ್ಚಲಿಲ್ಲ. ಲೋಟ ಕೆಳಗಿಟ್ಟರು. ನಲ್ಲಿ ನಿಲ್ಲಿಸಿದರು. ತೀರಾ ನಿಧಾನವಾಗಿ, ಗೋಡೆಯ ಕಡೆಗೇ ನೋಡುತ್ತಾ, ಹೇಳಿದರು:

“ಇದ್ದೀನಿ ಕಣೋ ಚನ್ನ. ಅದೇನ್ ಏಳು.”

ಎಂಟು ವಾರದಿಂದ ಬಾರದ ಉತ್ತರ ಬಂದಿತ್ತು. ಹೇಳು ಎಂದು ಕಾಯುತ್ತಾ ನಿಂತಿದ್ದರು — ತಲೆ ಒಂದು ಪಕ್ಕಕ್ಕೆ ವಾಲಿಸಿ, ಕೇಳಿಸಿಕೊಳ್ಳುವವರ ಹಾಗೆ. ಅವರ ಕಿವಿಯಲ್ಲಿ ಹೆಡ್‌ಫೋನ್ ಇಲ್ಲ, ಚಪ್ಪಾಳೆ ಬಿದ್ದಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಆಚೆ ಬಂದು ಎದುರಿಗೆ ನಿಂತು ಮೂರು ಪದ ಹೇಳಿದ್ದರೆ ಸಾಕಿತ್ತು. ನಾನು ಹೋಗಲಿಲ್ಲ. ಅವರು ಒದ್ದೆ ನೆಲದ ಮೇಲೆ ಕೂತು, “ಎಲ್ಲಿದ್ದೀಯೋ, ಎಲ್ಲಿದ್ದೀಯೋ,” ಅನ್ನತೊಡಗಿದರು.

ಆಮೇಲೆ ನಾನು ಮಾಡಿದ್ದನ್ನು ಹೇಗೆ ಬರೆಯಲಿ — ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಎಂಟು ಮೆಟ್ಟಿಲು ಇಳಿದೆ. ಚಪ್ಪಲಿ ಹಾಕಿಕೊಂಡು, ಶಿಳ್ಳೆ ಹಾಕುತ್ತಾ, ಧಡಧಡ ಸದ್ದು ಮಾಡಿಕೊಂಡು ಮತ್ತೆ ಹತ್ತಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ನಟಿಸಿದ್ದು ಅದೊಂದೇ ಸಲ.

ಅವರು ತಲೆಯೆತ್ತಿ ನೋಡಿದರು. ಆ ಕಣ್ಣಿನಲ್ಲಿ ಇನ್ನೂ ಒಂದು ಆಸೆಯಿತ್ತು, ಕರೆದದ್ದು ನಾನೇ ಆಗಿರಲೆಂದು — ಈಗ ಅರ್ಥವಾಗುತ್ತದೆ.

“ಮಿಮಿಕ್ರಿ, ಈಗ ಬಂದ್ಯೇನ್ಲಾ?”

“ಹೂಂ ಸಾರ್, ಈಗಷ್ಟೇ. ಬೇಕರಿಯಲ್ಲಿ ರಶ್ಶಿತ್ತು.”

ಅವರು ನೆಲಕ್ಕೆ ಕೈಯೂರಿ ಎದ್ದು, ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದರು.

ಮುಂದಿನ ಭಾನುವಾರ ಅವರು ಬರಲಿಲ್ಲ, ನಾಟಕವಾಗಲಿಲ್ಲ. ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರಂತೆ. ನೋಟ್‌ಬುಕ್ಕನ್ನು ಅವರೇ ನೀರೊಲೆಗೆ ಹಾಕಿದರಂತೆ. ರತ್ನಮ್ಮ ನಸೀಮಾ ಅಕ್ಕನಿಗೆ ಫೋನ್ ಮಾಡಿ, ಸತ್ತವನನ್ನು ನೀವೇ ಕರೆದು ನಮ್ಮನೆಗೆ ಬಿಟ್ಟಿರಿ, ಅಂದರು. ಅಕ್ಕ, ಗಾಯ ಕೆದಕಿದವಳು ತಾನೇ ಎಂದುಕೊಂಡು ಮಹಡಿಯ ಕೀಲಿ ಮಾಲೀಕರಿಗೆ ಒಪ್ಪಿಸಿಬಿಟ್ಟರು. ನಾನು ಅವರ ಮನೆಗೆ ಹೋಗಿ, ಚಹಾ ಕುಡಿದು, “ನಿಮ್ಮ ತಪ್ಪೇನಿದೆ ಬಿಡಿ ಅಕ್ಕ,” ಎಂದು ಸಮಾಧಾನ ಹೇಳಿ ಬಂದೆ. ಎಂಥ ಧಾರಾಳ!

ಮೂರು ವರ್ಷ ಸಿಂಗಾಪುರದ ಕಡೆ ತಲೆ ಹಾಕಲಿಲ್ಲ. ಹೋದ ತಿಂಗಳು ಅಮ್ಮ ರಾಗಿ ಬೀಸಿಸಿಕೊಂಡು ಬಾ ಎಂದಾಗ, ಆ ಗಿರಣಿ ಮುಚ್ಚಿದೆ ಎಂದು ನಾನು ಅಷ್ಟು ದಿನ ಹೇಳುತ್ತಿದ್ದ ಸುಳ್ಳು ನಡೆಯಲಿಲ್ಲ. ಪಕ್ಕದ ಮನೆಯವರು ಹಿಂದಿನ ದಿನವಷ್ಟೇ ಅಲ್ಲಿಂದ ಹಿಟ್ಟು ತಂದಿದ್ದರು. ಹೋದೆ. ಗಿರಣಿ ಓಡುತ್ತಿತ್ತು. ಗಿರಾಕಿಗಳಿಲ್ಲ. ಕಾಳು ಸುರಿಯುವ ಬಾಯಲ್ಲಿ ಒಂದು ಹಿಡಿ ಧಾನ್ಯವೂ ಇರಲಿಲ್ಲ. ಬರಿ ಕಲ್ಲು ಕಲ್ಲನ್ನು ತೇಯುತ್ತಿತ್ತು.

ಮೈಯೆಲ್ಲ ಹಿಟ್ಟಾದ ಮುನಿರಾಜಪ್ಪನವರು ನನ್ನನ್ನು ನೋಡಿ ಮುಖ ಅರಳಿಸಿದರು. ಸಣಕಲಾಗಿದ್ದೀಯ, ಮದುವೆ ಆಯ್ತಾ, ಎಂದು ಆ ಸದ್ದಿನ ನಡುವೆ ಕೂಗಿ ಕೇಳಿದರು. ಕಾಳಿಲ್ಲದೆ ಯಾಕೆ ಓಡಿಸುತ್ತೀರಿ ಎಂದೆ.

“ನಿಲ್ಸುದ್ರೆ ಅವನು ಬತ್ತಾನೆ ಕಣ್ಲಾ. ಇನ್ನೊಂದ್ ವಾರ ತಡ್ಕೊಂಡಿದ್ರೆ ನಿಮ್ ಜತೆ ನಾಟ್ಕ ಆಡ್ಬುಡ್ತಿದ್ದೆ. ನನ್ ತಲೇನೇ ಸರಿ ಇಲ್ಲ. ಇಂಗಾಗೋಯ್ತು.”

ನನ್ನ ರಾಗಿ ಬೀಸಿ ಚೀಲ ಕೈಗಿಡುತ್ತಾ, ನನ್ನನ್ನು ಸಮಾಧಾನಪಡಿಸುವವರಂತೆ ಹೇಳಿದರು. ‘ನಾನು ಸಾರ್’ — ಅಂದೆ, ನಿಜವಾಗಿಯೂ ಅಂದೆ. ಗಿರಣಿಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಅಡ್ಡ ಹಿಡಿದು ಏನು ಅಂದರು. “ಏನಿಲ್ಲ ಸಾರ್, ಹಿಟ್ಟು ಬಿಸಿ ಇದೆ ಅಂದೆ,” ಎಂದೆ. ಚೀಲ ಎದೆಗವಚಿಕೊಂಡು ಬಂದುಬಿಟ್ಟೆ.

ಅವರು ಗೆಳೆಯನಿಗೆ ಉತ್ತರಿಸದೆ ಕೂತದ್ದು ಆದೇಶವಿತ್ತೆಂದು. ಹತ್ತಾರು ಜನರ ಜೀವ ಉಳಿಯಲೆಂದು. ನಾನು ಬಾಯಿ ಮುಚ್ಚಿದ್ದು — ಬೈಗುಳಕ್ಕೆ ಹೆದರಿ.

ನಿನ್ನೆ ನಸೀಮಾ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು ದಖ್ಖನಿಯಲ್ಲೂ ಬೈಯಲಿಲ್ಲ. “ಮೂರು ವರ್ಷ ನನ್ನ ಚಹಾ ಕುಡ್ದೆಯಲ್ಲೋ,” ಅಂದರು. ಆಮೇಲೆ: “ಬಾಯಲ್ಲಿ ಹೇಳೋಕೆ ಹೋದ್ರೆ ನಗಿಸಿ ತಪ್ಪಿಸ್ಕೋತೀಯ. ಮೊದಲು ಬರಿ.”

ಬರೆದಿದ್ದೇನೆ. ಅಲ್ಲಲ್ಲಿ ನಗಿಸಲು ನೋಡಿದ್ದೇನೆ, ಅದೂ ಕಾಣುತ್ತಿದೆ. ಅಳಿಸುವುದಿಲ್ಲ, ಅವರು ಅದನ್ನೂ ನೋಡಲಿ.

ನಾಳೆ ಬೆಳಿಗ್ಗೆ ಸಿಂಗಾಪುರಕ್ಕೆ ಹೋಗುತ್ತೇವೆ. ರತ್ನಮ್ಮನವರೂ ಇರುತ್ತಾರೆ, ಅಕ್ಕ ಫೋನಿನಲ್ಲಿ ಅವರಿಗೆ ಹೇಳಿ, ಡಾಕ್ಟರನ್ನೂ ಕೇಳಿಕೊಂಡಿದ್ದಾರೆ. ಮುನಿರಾಜಪ್ಪನವರು ಕ್ಷಮಿಸುತ್ತಾರೋ, ಕತ್ತು ಹಿಡಿದು ಆಚೆ ದಬ್ಬುತ್ತಾರೋ — ಅದು ಅವರ ಹಕ್ಕು. ಸುಟ್ಟ ನೋಟ್‌ಬುಕ್ಕನ್ನು ನಾನು ತಂದುಕೊಡಲಾರೆ. ಮೊದಲು, ಗಿರಣಿ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. ಕಲ್ಲು ಪೂರ್ತಿ ನಿಲ್ಲುವ ತನಕ ಕಾಯುತ್ತೇನೆ. ಆಮೇಲೆ ಅವರ ಎದುರಿಗೆ, ಕೈಗೆ ನನ್ನ ಕೆನ್ನೆ ಸಿಗುವಷ್ಟು ಹತ್ತಿರ ನಿಂತು, ಮೂರು ವರ್ಷದ ಹಿಂದೆ ಹೇಳಬೇಕಿದ್ದುದನ್ನು ನನ್ನ ಸ್ವಂತ ದನಿಯಲ್ಲಿ ಹೇಳುತ್ತೇನೆ:

ನಾನು ಸಾರ್, ವಿನಯ.