ಅಣ್ಣ ಹಾಕಿದ ಪಾಯ

ನನ್ನ ಅಣ್ಣ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆ ಹೊದಿಕೆಗಳನ್ನು ಮಡಿಸುತ್ತಾನೆ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒಮ್ಮೆ ಸವರಿ, ಒಂದರ ಮೇಲೊಂದು ಪೇರಿಸುತ್ತಾನೆ. ತೂಗುಗುಂಡು ಇಳಿಬಿಟ್ಟು ನೋಡಿದರೂ ಆ ರಾಶಿ ಕೂದಲೆಳೆಯಷ್ಟು ವಾಲಿರುವುದಿಲ್ಲ. ಅಲ್ಲಿನ ನರ್ಸುಗಳಿಗೆ ಅದೊಂದು ತಮಾಷೆ. ನನಗೆ ನೋಡಲಾಗುವುದಿಲ್ಲ. ಅಂಥ ಮೇಸ್ತ್ರಿಯನ್ನು ಆ ಕೋಣೆಗೆ ತಳ್ಳಿದವನು ನಾನೇ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು, ಕರಣೆ ಹಿಡಿಯಲು ಕಲಿಸಿದವನು, ಎರಡೂ ಅವನೇ. ಕುಡಿಯುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅತ್ತಿಗೆಗೆ ಮಾತು ಕೊಟ್ಟು ಬಿಟ್ಟುಬಿಟ್ಟ. ಕೆಲಸ ಹಿಡಿದು ತರುತ್ತಿದ್ದವನು ನಾನು, ಕಟ್ಟುತ್ತಿದ್ದವನು ಅವನು. ಮಾತಿನಲ್ಲೇ ಮನೆ ಕಟ್ಟುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಗುಡ್ಡದ ಬುಡದಲ್ಲಿರುವ ಶಾಲೆಗೆ ಕಾಂಪೌಂಡ್ ಗೋಡೆ ಕಟ್ಟಿದ್ದು ಹದಿನೆಂಟು ವರ್ಷಗಳ ಹಿಂದೆ. ಪಾಯ ಅಣ್ಣನದು, ಗೋಡೆಯೂ ಅವನದು. ಮೂರನೆಯ ವರ್ಷ ಗೇಟಿನಿಂದ ಹತ್ತು ಹೆಜ್ಜೆ ಆಚೆ ಗೋಡೆ ಮೇಲಿಂದ ಕೆಳಗಿನವರೆಗೆ ಸೀಳಿತು. ಹೆಡ್‌ಮೇಡಂ ನಮ್ಮಿಬ್ಬರನ್ನೂ ಕರೆಸಿದರು. ಅಣ್ಣ ಅರ್ಧ ದಿನ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ರಸಮಟ್ಟ ಇಟ್ಟ, ಗುಂಡು ಇಳಿಬಿಟ್ಟ, ದಾರ ಎಳೆದ. ಗೋಡೆ ಎಲ್ಲೂ ಕುಸಿದಿರಲಿಲ್ಲ. ಸೀಳಿನ ಒಂದು ಪಕ್ಕ ಮಾತ್ರ ಬೆರಳು ದಪ್ಪ ಮುಂದಕ್ಕೆ ಬಂದಿತ್ತು.

"ಗೋಡೆದು ತಪ್ಪಿಲ್ಲ ಮೇಡಂ. ನೆಲಾನೇ ಪಕ್ಕಕ್ಕೆ ಸರಿದಿದೆ," ಎಂದ.

ಹೆಡ್‌ಮೇಡಂ ನನ್ನ ಮುಖ ನೋಡಿದರು. ಮುಂದಿನ ಎರಡು ಕೊಠಡಿಗಳ ಕೆಲಸವೂ ನಮಗೇ ಸಿಗುವುದರಲ್ಲಿತ್ತು. ಕೂಲಿಯವರೆಲ್ಲ ಸುತ್ತ ನಿಂತಿದ್ದರು. ನಾನು ನಕ್ಕು, "ಎಷ್ಟು ಗ್ಲಾಸ್ ಏರಿಸಿದ್ದೀಯಾ ಅಣ್ಣ, ನೆಲ ಓಡಾಡ್ತಿರೋದು ಕಾಣೋಕೆ?" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಗ್ಲಾಸು ಮುಟ್ಟಿ ಎಂಟು ತಿಂಗಳಾಗಿತ್ತು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಅಂದೆ. ಅಣ್ಣ ದಾರ ಸುತ್ತಿಕೊಂಡು ಮನೆಗೆ ಹೋದ.

ಆ ಮಾತಿಗೆ ಕಾಲು ಬಂತು. ಬೀದಿಯಲ್ಲಿ ಅಣ್ಣನನ್ನು ಕಂಡರೆ ಸಾಕು, "ಹುಷಾರು, ನೆಲ ಸರಿಯುತ್ತೆ" ಎಂದು ಕಂಬ ಹಿಡಿದುಕೊಳ್ಳುವವರು ಹುಟ್ಟಿಕೊಂಡರು. ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ.

ಸೀಳಿದ ಕಡೆ ನಾನು ಕೆಡವಿ, ಹೊಸದಾಗಿ ಪಾಯ ತೋಡಿ, ಡಬಲ್ ಸಿಮೆಂಟ್ ಹಾಕಿ ಕಟ್ಟಿದೆ. ಎರಡು ವರ್ಷವೂ ಆಗಲಿಲ್ಲ, ಅದೇ ಜಾಗದಲ್ಲಿ ನನ್ನ ಗೋಡೆಯೂ ಬಿರುಕು ಬಿಟ್ಟಿತು. ಆವತ್ತು ನಾನು ಬಾಯಿ ಬಿಡಬೇಕಿತ್ತು. ಶಾಲೆಗೆ ರಜೆ ಬರುವವರೆಗೆ ಕಾದು, ಒಬ್ಬನೇ ಹೋಗಿ ಸಿಮೆಂಟ್ ತುಂಬಿ ಸುಣ್ಣ ಹೊಡೆದು ಬಂದೆ. ಮುಂದಿನ ರಜೆಗೂ ಹಾಗೇ ಮಾಡಿದೆ. ಸರಿದ ಅಂಚು ಎದ್ದು ಕಾಣತೊಡಗಿದಾಗ, ಏರುತಗ್ಗು ಗೊತ್ತಾಗದ ಹಾಗೆ ಉದ್ದಕ್ಕೆ ಓರೆಯಾಗಿ ಪ್ಲಾಸ್ಟರ್ ಬಳಿದೆ. ಯಾರಾದರೂ ಕೇಳಿದರೆ, ಅಣ್ಣನ ಹಳೇ ಪಾಯ ಹೊಸದನ್ನು ಎಳೆಯುತ್ತಿದೆ ಎನ್ನುತ್ತಿದ್ದೆ. ಥೂ, ನನ್ನ ಬಾಯಿಗಿಷ್ಟು.

ಈ ವರ್ಷ ಒಬ್ಬರು ಮೇಡಂ ಮೂರು ಕಾಲಿನ ಯಂತ್ರ ಹಿಡಿದು ಬಂದು ಅದೇ ಗೋಡೆಯ ಮುಂದೆ ನಿಂತರು. ತಪಾಸಣೆಗೆ ಬಂದವರಿರಬೇಕೆಂದು ನಾನು ಓಡಿಹೋಗಿ, ಕೇಳುವ ಮೊದಲೇ, "ಪಾಯ ನಮ್ಮಣ್ಣ ಹಾಕಿದ್ದು ಮೇಡಂ, ಕುಡೀತಿದ್ದ," ಎಂದೆ.

"ಗಟ್ಟಿ ಕೆಲಸ ರೀ," ಎಂದರು ಅವರು. "ಇಷ್ಟು ವರ್ಷ ಆದ್ರೂ ಒಂದಿಷ್ಟೂ ಕುಸಿದಿಲ್ಲ. ಬನ್ನಿ, ತೋರಿಸ್ತೀನಿ."

ಬೀದಿಗೆ ಕರೆದುಕೊಂಡು ಹೋದರು. ಮೂವತ್ತು ವರ್ಷಗಳ ಹಿಂದೆ ರಸ್ತೆಯಂಚಿಗೆ ಹೂಳಿದ ಕಲ್ಲಿನ ಸಾಲು ಒಂದು ಕಡೆ ಅರ್ಧ ಅಡಿ ಪಕ್ಕಕ್ಕೆ ಜರುಗಿತ್ತು. ಅದರಾಚೆ ಚರಂಡಿ ಸೊಟ್ಟಗಾಗಿತ್ತು. ಅಲ್ಲಿಂದ ನೇರ ಗೆರೆ ಎಳೆದರೆ ಶಾಲೆಯ ಗೋಡೆಯ ಸೀಳಿಗೇ ಹೋಗಿ ಮುಟ್ಟುತ್ತಿತ್ತು. ನಾನು ದಿನಾ ಓಡಾಡುವ ಬೀದಿ. ನನ್ನ ಕಣ್ಣಿಗೆ ಏನಾಗಿತ್ತೋ.

"ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ," ಎಂದರು ಭೂಗರ್ಭ ಇಲಾಖೆಯ ಆ ಮೇಡಂ. "ದೊಡ್ಡ ದೊಡ್ಡ ಫಲಕಗಳು. ಕೆಳಗೆ ಕಾದ ಬಂಡೆ ಬಹಳ ನಿಧಾನಕ್ಕೆ ಹರಿಯುತ್ತೆ, ಇವೂ ಸರೀತಾ ಇರ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆದ ಕಡೆ ಬೆಟ್ಟ ಏಳುತ್ತೆ, ದೂರ ಸರಿದ ಕಡೆ ಸಮುದ್ರ ಹುಟ್ಟುತ್ತೆ. ಇಲ್ಲಿ ಪಕ್ಕಪಕ್ಕ ಉಜ್ಜಿಕೊಂಡು ಹೋಗ್ತಿವೆ, ವರ್ಷಕ್ಕೆ ಐದು ಮಿಲಿಮೀಟರ್. ಶಾಲೆ ಗೇಟು ಒಂದು ಫಲಕದ ಮೇಲಿದೆ, ಆಟದ ಮೈದಾನ ಇನ್ನೊಂದರ ಮೇಲೆ. ಇವೆರಡರ ನಡುವಿನ ಗೆರೆ ಮೇಲೆ ಯಾರು ಕಟ್ಟಿದ್ರೂ ಗೋಡೆ ನಿಲ್ಲಲ್ಲ."

ಸಮುದ್ರ, ಬೆಟ್ಟಗಳನ್ನು ಮಾಡುವ ಶಕ್ತಿಯನ್ನು ನನ್ನ ಅಣ್ಣ ಒಂದು ದಾರ ಎಳೆದು ಕಂಡುಹಿಡಿದಿದ್ದ. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು.

ನೆಟ್ಟಗೆ ಆಸ್ಪತ್ರೆಗೆ ಹೋದೆ. ಯಂತ್ರಗಳ ಸದ್ದಿಗೆ ಮೀರಿ ಕೂಗಿ ಎಲ್ಲವನ್ನೂ ಹೇಳಿದೆ. "ನೀನು ಹೇಳಿದ್ದೇ ನಿಜ ಅಣ್ಣ. ಎಲ್ಲರ ಮುಂದೆ ಹೇಳ್ತೀನಿ, ಹೆಡ್‌ಮೇಡಂಗೂ ಹೇಳ್ತೀನಿ."

ಅವನು ಹೊದಿಕೆಯ ಅಂಚು ಹಿಡಿದೇ ನಿಂತಿದ್ದ. "ಅದು ನಿಜ ಇರೋಕಿಲ್ಲ ಕಣೋ," ಎಂದ. "ನೀನು ಕಟ್ಟಿದ ಮೇಲೆ ಒಂದಿನ ನೋಡೋಕೆ ಹೋಗಿದ್ದೆ. ಎರಡು ವರ್ಷ ಕಳೆದಿತ್ತು, ಒಂದು ಗೆರೆ ಕೂಡ ಇರ್ಲಿಲ್ಲ. ಆಮೇಲೂ ಮೂರು ನಾಲ್ಕು ಸಲ ಹೋದೆ. ನಿನ್ನದು ನಿಂತಿದೆ ಅಂದ್ಮೇಲೆ ಕೈ ಕೆಟ್ಟಿರೋದು ನಂದೇ ತಾನೆ? ಅದಕ್ಕೇ ಯಾರಾದ್ರೂ ಕರೆದ್ರೂ ಹೋಗ್ಬಾರ್ದು ಅಂತ ಕರಣೇನ ಯಾರಿಗೋ ಕೊಟ್ಬಿಟ್ಟೆ. ಮನೆ ಅಂದ್ರೆ ಒಳಗೆ ಮಕ್ಕಳು ಮಲಗಿರ್ತಾವೆ."

ನಾನು ಹೇಳಲೇಬೇಕಾಯಿತು. "ನಂದೂ ಸೀಳಿತ್ತು ಅಣ್ಣ. ನಾನು ಮುಚ್ತಿದ್ದೆ."

"ಯಾವಾಗ?"

"ಪ್ರತಿ ರಜೆಯಲ್ಲೂ."

ಅಣ್ಣ ಹೊದಿಕೆಯನ್ನು ಕೆಳಗಿಟ್ಟ. ಎರಡೂ ಅಂಗೈಗಳನ್ನು ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಂಡ. ನನ್ನ ಕಡೆ ನೋಡಲೇ ಇಲ್ಲ.