ಪ್ರೀತಿಗಿಂತ ಮೊದಲು ಬಂದ ಪಾಳಿ

ಏ, ಕೇಳ್ರಿಲ್ಲೆ. ಪಾನ್ ಡಬ್ಬಿ ಮುಂದ ಕುಂತವರು, ಆ ಕಡಿ ಆಟೊದಾಗ ಕಾಲು ಚಾಚಿದವರು, ಎಲ್ಲಾರೂ ಸ್ವಲ್ಪ ಈ ಕಡಿ ಕಿವಿ ಕೊಡ್ರಿ. ಫೋನ್ ಹತ್ತಿರ ಹಿಡೀರಿ, ನಮ್ಮ ಓಣ್ಯಾಗ ಬೋರ್ ಹೊಡ್ಯಾಕತ್ತಾರ, ಗದ್ದಲ ಭಾಳ ಅದ. ನಮ್ಮ ಮರಿಲಿಂಗಮ್ಮಕ್ಕಂದು ಒಂದು ದಿನದ ಸುದ್ದಿ ಹೇಳ್ತೀನಿ. ನಂಗಂತೂ ತಿಳಿದಿಲ್ಲ, ನಿಮಗೇನರ ತಿಳೀತದೇನು ನೋಡ್ರಿ.

ಶಹಾಪುರದ ಬಸ್ ನಿಲ್ದಾಣದ ಹಿಂದಿರುವ ಖಾನಾವಳಿಯಲ್ಲಿ ನೀವು ಜೋಳದ ರೊಟ್ಟಿ ತಿಂದಿದ್ದರೆ, ಅದು ಮರಿಲಿಂಗಮ್ಮ ಬಡಿದ ರೊಟ್ಟಿ. ಆಕೆಯ ತವರು ಸುರಪುರದ ಹತ್ತಿರದ ದೇವಾಪುರ. ಗಂಡ ಅಮಾತೆಪ್ಪ ಹತ್ತಿ ಮಾರುವ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಾನೆ. ಇಬ್ಬರೂ ನಮ್ಮ ಸಭೆಯವರು, ಅಂದರೆ ಕಾಲುವೆ ರಸ್ತೆಯ ಸಣ್ಣ ಚರ್ಚಿನವರು. ಭಾನುವಾರ ಹಾಡು ಶುರುವಾದರೆ ಮರಿಲಿಂಗಮ್ಮನ ದನಿ ಎಲ್ಲರನ್ನೂ ಬಿಟ್ಟು ಮುಂದೆ ಓಡುತ್ತದೆ. ತಬಲಾದವನು ಬೆನ್ನು ಹತ್ತಬೇಕು.

ನಮ್ಮ ಸಭೆಯಲ್ಲಿ ಒಂದು ರೂಢಿಯಿದೆ. ಯಾರಾದರೂ ಹಾಸಿಗೆ ಹಿಡಿದರೆ ಮಹಿಳಾ ಸಂಘದ ಚಂದ್ರಕಲಾ ದಿನಕ್ಕೊಬ್ಬರಂತೆ ಪಾಳಿ ಹಚ್ಚುತ್ತಾಳೆ. ಪಾಳಿ ಬಂದವರು ಆ ಮನೆಗೆ ಹೋಗಿ, ರೋಗಿಯ ಮೈ ಒರೆಸಿ, ಉಣಿಸಿ, ಪ್ರಾರ್ಥನೆ ಮಾಡಿ ಬರಬೇಕು. ಮರಿಲಿಂಗಮ್ಮ ಒಂದು ಪಾಳಿಯನ್ನೂ ತಪ್ಪಿಸಿದವಳಲ್ಲ. ಮೈಯಲ್ಲಿ ಜ್ವರ ಇಟ್ಟುಕೊಂಡು ಬೇರೆಯವರ ಜ್ವರ ನೋಡಲು ಹೋಗಿದ್ದಾಳೆ.

ಈ ಸಲ ಹಾಸಿಗೆ ಹಿಡಿದವರು ಶಾಂತಾದೇವಿ. ಅಂಗನವಾಡಿಯಲ್ಲಿ ಟೀಚರ್ ಆಗಿದ್ದವರು. ಬಚ್ಚಲಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿಯಿತು, ಯಾದಗಿರಿಯಲ್ಲಿ ಆಪರೇಷನ್ ಆಯಿತು. ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಮಗ ಹಗಲೆಲ್ಲ ಆಟೊ ಓಡಿಸುತ್ತಾನೆ. ಅದಕ್ಕೇ ಪಾಳಿ.

ಈಗ ತೊಡಕು ಕೇಳಿ. ಎರಡು ಕ್ರಿಸ್ಮಸ್ ಹಿಂದೆ ಸಭೆಯ ಊಟದ ಪಂಕ್ತಿಯಲ್ಲಿ ಈ ಶಾಂತಾದೇವಿ ಮರಿಲಿಂಗಮ್ಮನ ರೊಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಇದು ರೊಟ್ಟಿಯೋ ಬಂಡಿಯ ಗಾಲಿಯೋ ಎಂದು ಕೇಳಿದ್ದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ರೊಟ್ಟಿ ಬಡಿದು ಬದುಕುವ ಹೆಂಗಸಿಗೆ ಆ ಮಾತು ಎಲ್ಲಿ ತಾಗಿರಬೇಕು, ನೀವೇ ಯೋಚಿಸಿ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಚರ್ಚಿನಲ್ಲಿ ಒಬ್ಬರು ಕಿಟಕಿ ಕಡೆ, ಇನ್ನೊಬ್ಬರು ಬಾಗಿಲ ಕಡೆ.

ಇಷ್ಟೇ ಆಗಿದ್ದರೆ ಮರಿಲಿಂಗಮ್ಮ ಹಲ್ಲು ಕಚ್ಚಿಕೊಂಡು ಪಾಳಿ ಮುಗಿಸಿ ಬರುತ್ತಿದ್ದಳೇನೋ. ಆದರೆ ಹೋದ ಭಾನುವಾರ ನಮ್ಮ ಹೊಸ ಪಾಸ್ಟರ್ ಶರಣಕುಮಾರ ಪ್ರಸಂಗ ಮಾಡಿದರು. ಪ್ರೀತಿಯಿಲ್ಲದ ಕೈ ರೋಗಿಗೆ ತಣ್ಣಗೆ ತಾಗುತ್ತದೆ, ಹಾಗೆ ಹೋಗುವುದಕ್ಕಿಂತ ಹೋಗದಿರುವುದೇ ಮೇಲು ಎಂದರು. ಉಳಿದವರೆಲ್ಲ ತಲೆಯಾಡಿಸಿ ಮನೆಗೆ ಹೋಗಿ ಉಂಡು ಮಲಗಿದರು. ಮರಿಲಿಂಗಮ್ಮ ಮಾತ್ರ ಅದನ್ನು ಕಾನೂನಿನ ಹಾಗೆ ಹಿಡಿದಳು. ಮಂಗಳವಾರ ಆಕೆಯ ಪಾಳಿ.

ಮಂಗಳವಾರ ಬೆಳಿಗ್ಗೆ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಪಾಸ್ಟರ್ ಮನೆ ಮುಂದೆ ನಿಂತಳು. ಅವರು ಬಾಯಲ್ಲಿ ಬ್ರಶ್ ಇಟ್ಟುಕೊಂಡು ಹೊರಗೆ ಬಂದರು.

"ಅಯ್ಯಾರ, ನನ್ನ ಪಾಳಿ ತಗೀರಿ. ನನ್ನ ಬಲ್ಲಿ ಪ್ರೀತಿ ಇಲ್ರಿ."

ಅವರು ಬಾಯಿ ಮುಕ್ಕಳಿಸಿ ಬಂದು, ಪ್ರಾರ್ಥನೆ ಮಾಡಿದರೆ ಪ್ರೀತಿ ಬರುತ್ತದೆ ಎಂದು ಸಮಾಧಾನ ಹೇಳಿದರು.

"ಭಾನುವಾರದಿಂದ ಮಾಡಾಕತ್ತೇನ್ರಿ. ಬರವಲ್ದು."

"ಅಕ್ಕಾರ, ನಾ ಹೇಳಿದ್ದು ಹಂಗಲ್ರಿ."

"ಮತ್ತ ಹೆಂಗ್ರಿ?"

ಪಾಸ್ಟರ್ ಕುತ್ತಿಗೆಯ ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. ಹೋಗುವುದು ಒಳ್ಳೆಯದು, ಆದರೆ ಮನಸ್ಸು ಶುದ್ಧ ಇರಬೇಕು, ಮನಸ್ಸು ಶುದ್ಧವಿಲ್ಲ ಅಂತ ಹೋಗದೆ ಇರುವುದೂ ಸರಿಯಲ್ಲ ಎಂದರು. ಮರಿಲಿಂಗಮ್ಮ ಬಂದಾಗ ಮನಸ್ಸಿನಲ್ಲಿ ಒಂದು ಗಂಟು ಇತ್ತು, ಮರಳಿ ಹೋಗುವಾಗ ಮೂರಾಗಿದ್ದವು.

ಪಾಳಿ ಬದಲಿಸಿಕೊಳ್ಳೋಣವೆಂದರೆ ಚಂದ್ರಕಲಾ ನೆಂಟರ ನಿಶ್ಚಿತಾರ್ಥಕ್ಕೆಂದು ಸುರಪುರಕ್ಕೆ ಹೋಗಿದ್ದಳು, ಬರುವುದು ರಾತ್ರಿಯೇ. ಫೋನಿನಲ್ಲಿ ಸಿಕ್ಕವಳು ಇನ್ನೊಂದು ಸುದ್ದಿ ಹೇಳಿದಳು. ಶಾಂತಾದೇವಿ ಏನೂ ಉಣ್ಣುತ್ತಿಲ್ಲವಂತೆ. ಬಿದ್ದಾಗ ಕಟ್ಟಿಸಿದ ಹಲ್ಲು ಒಡೆದಿದೆ, ಎಲ್ಲರೂ ತಂದ ರೊಟ್ಟಿ ಹಾಗೇ ಉಳಿಯುತ್ತಿದೆ. ಖಾಲಿ ಹೊಟ್ಟೆಗೆ ಗುಳಿಗೆ ನುಂಗಿ ವಾಂತಿ ಮಾಡಿಕೊಳ್ಳುತ್ತಿದ್ದಾರೆ. ಹಾಲಿನಲ್ಲಿ ಕರಗುವಂಥ ತೆಳ್ಳನೆ ರೊಟ್ಟಿ ಇದ್ದರೆ ತಿನ್ನುತ್ತೇನೆ ಅನ್ನುತ್ತಾರಂತೆ. ಇವತ್ತು ಮರಿಲಿಂಗಮ್ಮ ಹೋಗದಿದ್ದರೆ ಆ ಮನೆಗೆ ಹೋಗುವವರು ಬೇರೆ ಯಾರೂ ಇಲ್ಲ.

ಪಕ್ಕದ ಮನೆಯ ಗೌಹರಬೇಗಂ ಬಾಗಿಲಲ್ಲಿ ಕುಳಿತು ಮಂಡಾಳು, ಅಂದರೆ ಮಂಡಕ್ಕಿ, ಹಸನು ಮಾಡುತ್ತಿದ್ದಳು. ಮರಿಲಿಂಗಮ್ಮ ಎಲ್ಲ ಗಂಟುಗಳನ್ನೂ ಅವಳ ಮುಂದೆ ಬಿಚ್ಚಿದಳು. ಗೌಹರಬೇಗಂ ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡು ಅಂದಳು.

"ಪ್ರೀತಿ ಬಂದ ಮ್ಯಾಲೇ ಮಾಡಬೇಕಂದ್ರ, ನಾ ನಮ್ಮ ಅತ್ತಿಗಿ ಒಂದು ದಿನಾನೂ ಚಾ ಕೊಡ್ತಿದ್ದಿಲ್ಲವ್ವ."

ಮರಿಲಿಂಗಮ್ಮನಿಗೆ ನಗು ಬಂತು. ಆದರೆ ಗೌಹರಬೇಗಂ ನಮ್ಮ ಸಭೆಯವಳಲ್ಲ, ಪಾಸ್ಟರ್ ಮಾತು ಅವಳ ಅತ್ತೆಗೆ ಹೊಂದುತ್ತದೋ ಇಲ್ಲವೋ. ನಕ್ಕ ಮೇಲೂ ಗಂಟು ಹಾಗೇ ಇತ್ತು.

ಖಾನಾವಳಿಯ ರೊಟ್ಟಿ ಮುಗಿದಾಗ ಪರಾತದಲ್ಲಿ ಸ್ವಲ್ಪ ಹಿಟ್ಟು ಉಳಿದಿತ್ತು. ಕೈ ತಾನಾಗಿ ಅದನ್ನು ಬಡಿಯತೊಡಗಿತು. ಮೊದಲನೆಯದು ಹರಿಯಿತು. ಎರಡನೆಯದೂ ಹರಿಯಿತು. ಅದನ್ನೇ ಮತ್ತೆ ನಾದಿ, ಇನ್ನೂ ಒಂದಿಷ್ಟು ಬಿಸಿನೀರು ಹಾಕಿ, ಎತ್ತಿ ಹಿಡಿದರೆ ಆಚೆ ಕಡೆಯ ಒಲೆಯ ಕೆಂಡ ಕಾಣುವಷ್ಟು ತೆಳ್ಳಗೆ ಎರಡು ರೊಟ್ಟಿ ಬಡಿದಳು. ಅಷ್ಟರಲ್ಲಿ ಉಣ್ಣಲು ಬಂದ ಅಮಾತೆಪ್ಪ ನೋಡಿ, ಮನಸ್ಸು ಕರಗಿತೇನು ಎಂದು ಕೇಳಿದ. ಕರಗಿಲ್ಲ, ಇದು ಛಲ, ಆ ಶಾಂತಾದೇವಿಯ ಕಣ್ಣಿಗೆ ಹಿಡಿದು ತೋರಿಸಬೇಕು ಎಂದಳು.

ಬಟ್ಟೆಯಲ್ಲಿ ರೊಟ್ಟಿ ಸುತ್ತಿ, ಹಾಲಿನ ತಂಬಿಗೆ ಹಿಡಿದು ಹೊರಟಳು. ಕಾಲುವೆಯ ಸೇತುವೆಯ ಮೇಲೆ ನಿಂತುಬಿಟ್ಟಳು. ಪ್ರೀತಿಯಿಲ್ಲದೆ ಹೋಗಬಾರದು ಅಂದರೆ ಛಲ ಹಿಡಿದು ಹೋಗಬಹುದೇ? ಅದು ಇನ್ನೂ ದೊಡ್ಡ ತಪ್ಪಲ್ಲವೇ? ತಿರುಗಿ ನಾಲ್ಕು ಹೆಜ್ಜೆ ಮನೆ ಕಡೆ ಬಂದಳು. ಬಗಲಲ್ಲಿದ್ದ ರೊಟ್ಟಿಯ ಬಿಸಿ ಇಳಿಯತೊಡಗಿತ್ತು. ಆರಿದರೆ ಈ ರೊಟ್ಟಿ ಹಪ್ಪಳವಾಗುತ್ತದೆ, ಹಾಲಿಗೂ ಬಗ್ಗುವುದಿಲ್ಲ. ಮತ್ತೆ ತಿರುಗಿ ಬಿರಬಿರನೆ ನಡೆದಳು.

ಶಾಂತಾದೇವಿ ಅವಳನ್ನು ನೋಡಿ ಮುಖವನ್ನು ಗೋಡೆ ಕಡೆ ತಿರುಗಿಸಿದರು. ಮರಿಲಿಂಗಮ್ಮ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯನ್ನು ಒಲೆಯ ಬದಿಗೆ ಬೆಚ್ಚಗಿಟ್ಟು ನೀರು ಕಾಯಿಸಿದಳು, ಮೈ ಒರೆಸಿದಳು, ಸೀರೆ ಬದಲಿಸಿದಳು. ಜಡೆಗಟ್ಟಿದ ಕೂದಲಿಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತ ಕುಳಿತಳು.

"ಪಾಳಿ ಅಂತ ಬಂದಿ," ಎಂದರು ಶಾಂತಾದೇವಿ, ಗೋಡೆಗೆ ಹೇಳಿದಂತೆ.

"ಹೌದ್ರಿ."

"ಮನಸಿಲ್ಲ ನಿಂಗ."

"ಇಲ್ರಿ."

"ನಂಗೂ ನೀ ಬರೋದು ಮನಸಿದ್ದಿಲ್ಲ." ಮುಖ ತಿರುಗಿಸದೆಯೇ ಅಂದರು, "ಆದ್ರ ನೀರು ಚಂದ ಕಾಸಿದ್ದಿ."

ಆಮೇಲೆ ಮರಿಲಿಂಗಮ್ಮ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಅವರ ಬಾಯಿಗಿಟ್ಟಳು. ಒಂದು ತುತ್ತು ಇಳಿಯಿತು. ಎರಡು, ಮೂರು ಇಳಿದವು. ಮರಿಲಿಂಗಮ್ಮನಿಗೆ ತಡೆಯಲಾಗಲಿಲ್ಲ, ಹೇಗಿದೆ ಎಂದು ಕೇಳಿಯೇಬಿಟ್ಟಳು.

ಶಾಂತಾದೇವಿ ಬಾಯಾಡಿಸುತ್ತ ನಿಧಾನವಾಗಿ ಯೋಚಿಸಿದರು.

"ನಡು ಭಾಗ ಛಲೋ ಅದ. ಅಂಚಿಗಿ ಇನ್ನೂ ದಪ್ಪ."

ಮರಿಲಿಂಗಮ್ಮನಿಗೆ ಬಟ್ಟಲು ಅಲ್ಲೇ ಕುಕ್ಕಿ ಎದ್ದು ಹೋಗಬೇಕು ಅನಿಸಿತಂತೆ. ಆದರೆ ಗುಳಿಗೆ ಇನ್ನೂ ನುಂಗಿಸಿರಲಿಲ್ಲ. ಆಕೆ ಒಂದು ಅಂಚನ್ನು ಹರಿದು ತನ್ನ ಬಾಯಿಗೆ ಹಾಕಿಕೊಂಡು ನೋಡಿದಳು. ಅಂಚು ದಪ್ಪ ಇದ್ದದ್ದು ನಿಜ. ಉಳಿದ ಅಂಚುಗಳನ್ನೂ ತಾನೇ ತಿಂದು, ನಡುವಿನದನ್ನು ನೆನೆಸಿದಳು.

"ಇನ್ನೊಂದು ತುತ್ತ ತಗೋರಿ, ಶಾಂತಕ್ಕಾರ."

ಅಕ್ಕ ಎಂದದ್ದು ಬಾಯಿಂದ ಬಿದ್ದ ಮೇಲೆ ಇಬ್ಬರಿಗೂ ಗಾಬರಿಯಾಯಿತು. ಗುಳಿಗೆ ಒಳಗೆ ಹೋಯಿತು. ವಾಂತಿ ಬರಲಿಲ್ಲ. ಶಾಂತಾದೇವಿಗೆ ನಿದ್ದೆ ಹತ್ತಿತು.

ಮರಳಿ ಬರುವ ದಾರಿಯಲ್ಲಿ ಬೈಕ್ ನಿಲ್ಲಿಸಿದ ಪಾಸ್ಟರ್ ಅಳುಕುತ್ತಲೇ, ಪ್ರೀತಿ ಬಂತೇನೆಂದು ಕೇಳಿದರು.

"ಗೊತ್ತಿಲ್ರಿ ಅಯ್ಯಾರ. ಸಿಟ್ಟಂತೂ ಬಂತು. ಪ್ರಾರ್ಥನಿ ಮಾಡೋದೂ ಮರತೆ. ಈ ಪಾಳಿ ಪಾಳಿ ಅನಸ್ಕೋತದೇನ್ರಿ?"

ಪಾಸ್ಟರ್ ಬೈಕಿನ ಕನ್ನಡಿ ಒರೆಸುತ್ತ, ನಾಳೆ ಯಾರ ಪಾಳಿ ಎಂದು ವಿಚಾರಿಸಿದರು.

"ಚಂದ್ರಕಲಾಂದು. ಆಕಿ ರೊಟ್ಟಿ ನನ್ನಕ್ಕಿಂತ ದಪ್ಪ ಅದಾವ್ರಿ."

ಇಷ್ಟು ಹೇಳಿ ಮುಖ ಗಂಟಿಕ್ಕಿಕೊಂಡೇ ಮನೆಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಖಾನಾವಳಿಯ ಜೋಳದ ಹಿಟ್ಟನ್ನು ಜರಡಿ ಹಿಡಿದು ಮುಗಿಸಿದಳು. ಆಮೇಲೆ ಹಳೆಯ ಸೀರೆಯ ತೆಳು ತುಂಡೊಂದನ್ನು ಹುಡುಕಿ, ಎರಡು ಬೊಗಸೆ ಹಿಟ್ಟನ್ನು ಅದರಲ್ಲಿ ಮತ್ತೊಮ್ಮೆ ಸೋಸಿ, ಬೇರೆ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ನಾಳೆಗೆಂದು ಒಲೆಯ ಪಕ್ಕದ ಗೋಡೆಯ ಮಾಡದಲ್ಲಿ ಇಟ್ಟಳು.