ಸಕ್ಕರೆಯಲ್ಲದ ಪರ್ಮಿಟ್ಟು

ಬೆಳಿಗ್ಗೆ ಒಲೆಯ ಮೇಲಿನ ಬೆಲ್ಲದ ಕಾಫಿ ಘಮ್ಮೆಂದಿತು. ಅದರ ಹಿಂದೆಯೇ ರುದ್ರಪ್ಪ ನೆನಪಾದ. ಅವನು ಊರಿಗೆ ಬಂದಿದ್ದಾನೆಂದು ನಿನ್ನೆಯೇ ಕೇಳಿದ್ದೆ. ಸಕ್ಕರೆ ಮುಟ್ಟದ ನನ್ನನ್ನು ಹಿಂದೂಪುರದ ಜನ ನೇಮಿಷ್ಠನೆಂದುಕೊಂಡಿದ್ದಾರೆ. ನಿಮ್ಮ ಮುಂದೆ ಮುಚ್ಚುಮರೆ ಏಕೆ? ಅದು ನೇಮವಲ್ಲ, ಹೊಟ್ಟೆಕಿಚ್ಚು.

ನಾನೂ ರುದ್ರಪ್ಪನೂ ಆಗ ಒಂದೇ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರುಗಳು. ಆಫ್ರಿಕಾದ ಅಬಿಸೀನಿಯಾ ದೇಶಕ್ಕೆ ಇಂಗ್ಲಿಷ್ ಕಲಿಸುವವರು ಬೇಕೆಂದಾಗ ಇಬ್ಬರೂ ಅರ್ಜಿ ಹಾಕಿದೆವು. ಪಾಸ್‌ಪೋರ್ಟಿಗೆ ಜಾಮೀನು ಹುಡುಕಿದೆವು, ಸೂಜಿ ಹಾಕಿಸಿಕೊಂಡು ತೋಳು ಊದಿಸಿಕೊಂಡೆವು. ಉಳಿದದ್ದು ಅಲ್ಲಿನ ಸರಕಾರದ ಕೆಲಸದ ಪರ್ಮಿಟ್ಟು. ಅದಿಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಹಡಗಿಲ್ಲ. ರುದ್ರಪ್ಪನಿಗೆ ಬಂತು, ನನಗೆ ಬರಲಿಲ್ಲ. ಸ್ಕೂಲನ್ನು ‘ಇಸ್ಕೂಲು’ ಎನ್ನುವವನಿಗೆ ಬಂತು. ಅವನ ವ್ಯಾಕರಣ ತಿದ್ದುತ್ತಿದ್ದ ನನಗಿಲ್ಲ. ಇಡೀ ಅಬಿಸೀನಿಯಾ ‘ಇಸ್ಕೂಲು’ ಎನ್ನುವಂತಾಗಲಿ ಎಂದು ಮನಸಾರೆ ಹರಸಿದೆ.

ಕಲ್ಯಾಣದುರ್ಗಕ್ಕೆ ಹೋಗಿ ಅಮ್ಮನ ಮುಂದೆ ಸಂಕಟ ತೋಡಿಕೊಂಡೆ. ಆಗ ಕಂಟ್ರೋಲಿನ ಕಾಲ. ಸಕ್ಕರೆಗೂ ಪರ್ಮಿಟ್ಟು, ಸೀಮೆಎಣ್ಣೆಗೂ ಪರ್ಮಿಟ್ಟು. ಅಮ್ಮನಿಗೆ ಗೊತ್ತಿದ್ದದ್ದು ಅದೊಂದೇ.

“ಎಷ್ಟು ಸೇರಿಗೆ ಬಂದೈತಂತೆ? ನಮಗೂ ಒಂದು ಪಾವು ಕೊಡ್ತಾನೇನೋ ಕೇಳಪ್ಪ” ಎಂದಳು.

ಇದನ್ನು ಮೇಷ್ಟ್ರುಗಳ ಕೋಣೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ರುದ್ರಪ್ಪನ ಪರ್ಮಿಟ್ಟಿನ ತೂಕ ಕೊಂಚ ಇಳಿಯಲೆಂಬುದಷ್ಟೇ ನನ್ನ ಆಸೆ. ಅವನೊಬ್ಬ ನಗಲಿಲ್ಲ. ಹೊರಡುವ ದಿನ ತನ್ನ ಮನೆಯಲ್ಲಿ ಉಳಿದಿದ್ದ ಸಕ್ಕರೆಯನ್ನು ಡಬ್ಬಿ ಸಮೇತ ನನ್ನ ಮುಂದೆ ತಂದಿಟ್ಟ.

“ಅಮ್ಮ ಬಾಯಿಬಿಟ್ಟು ಕೇಳವ್ರೆ. ಇಲ್ಲ ಅಂದ್ರೆ ಹೆಂಗಪ್ಪ?”

ಡಬ್ಬಿಯನ್ನು ಕಲ್ಯಾಣದುರ್ಗಕ್ಕೆ ಒಯ್ದುಕೊಟ್ಟೆ. ಅಮ್ಮ ಅದರಲ್ಲಿ ಕೇರಿಗೆಲ್ಲ ಕಾಫಿ ಕೊಟ್ಟು ಅವನನ್ನು ಹಾಡಿ ಹೊಗಳಿದಳು. ನನಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅಂದಿನಿಂದ ನನ್ನ ಕಾಫಿಗೆ ಬೆಲ್ಲವೇ.

ಇದೆಲ್ಲ ನೆನೆಯುತ್ತಾ ಲೋಟ ಎತ್ತುವಷ್ಟರಲ್ಲಿ ಬಾಗಿಲಲ್ಲಿ ಉಣ್ಣೆ ಕೋಟಿನ ರುದ್ರಪ್ಪ ನಿಂತಿದ್ದ. “ಏಮಯ್ಯಾ, ಬಾಗುನ್ನಾವಾ?” ಎಂದು ತೆಲುಗಿನಲ್ಲಿ ಯೋಗಕ್ಷೇಮ ಕೇಳುತ್ತಾ ಒಳಗೆ ಬಂದು ಕುಳಿತ. ಪರದೇಶದಿಂದ ಬಂದವನೆಂದು ನನ್ನ ಹೆಂಡತಿ ಅವನಿಗೆ ಸಕ್ಕರೆ ಕಾಫಿಯನ್ನೇ ತಂದಳು. ಅವನ ಕಣ್ಣು ನನ್ನ ಲೋಟದ ಮೇಲೆ.

“ಕಾಫಿ ಹುಟ್ಟಿದ್ದೇ ಆ ದೇಶದಾಗಂತೆ. ಬೆಲ್ಲದ ಕಾಫಿ ಮಾತ್ರ ಒಂದಿನಾನೂ ಸಿಗ್ಲಿಲ್ಲ ಕಣಪ್ಪ. ನಿನ್ನ ಕಂಡ್ರೆ ಹೊಟ್ಟೆ ಉರೀತದೆ.”

ಇಷ್ಟು ವರ್ಷ ನಾನು ಆ ಮಾತಿಗೇ ಕಾದಿದ್ದೆನೋ ಏನೋ. ಇನ್ನೂ ಎಂಜಲಾಗದ ಲೋಟಗಳನ್ನು ಬದಲಾಯಿಸಿಕೊಂಡೆವು. ಸಕ್ಕರೆ ಕಾಫಿ ಸಲೀಸಾಗಿ ಗಂಟಲಿಳಿಯಿತು, ರುಚಿಯಾಗಿಯೂ ಇತ್ತು. ಅವನು ಕಣ್ಣು ಮುಚ್ಚಿಕೊಂಡು ನನ್ನದನ್ನು ಗುಟುಕರಿಸುತ್ತಿದ್ದ ಪರಿ ಕಂಡಾಗ ಮಾತ್ರ, ಅಯ್ಯೋ, ಬೆಲ್ಲವನ್ನೂ ಇವನಿಗೇ ಕೊಟ್ಟುಬಿಟ್ಟೆನಲ್ಲ ಎನ್ನಿಸಿತು.